ಸಂಗ್ರಹಾಲಯವನ್ನು ಸಾಕಿದ ವೈದ್ಯರು

ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿಯ ವಿಗ್ರಹಗಳನ್ನು ನೋಡುತ್ತಾರೆ, ಶಾಸನಗಳನ್ನು ನೋಡುತ್ತಾರೆ, ಗಾಜಿನ ಪೆಟ್ಟಿಗೆಯೊಳಗಿನ ನಾಣ್ಯಗಳನ್ನು ಬಗ್ಗಿ ನೋಡುತ್ತಾರೆ. ವಿಗ್ರಹದ ಪಕ್ಕದಲ್ಲಿರುವ ಚೀಟಿಯನ್ನು ಓದುವವರು ಕೆಲವರು. ಆ ಚೀಟಿಯನ್ನು ಬರೆದವರು ಯಾರೆಂದು ಕೇಳುವವರು ಇಲ್ಲವೇ ಇಲ್ಲವೆನ್ನಬಹುದು. ಆದರೆ ಆ ಚೀಟಿಯೊಂದು ಇಲ್ಲದಿದ್ದರೆ ಎದುರಿಗಿರುವ ಕಲ್ಲು ಬರಿಯ ಕಲ್ಲು. ಅದು ಯಾವ ಊರಿನದು, ಯಾವ ಗುಡಿಯ ಮುಂದೆ ನಿಂತಿದ್ದಿತು, ಯಾರು ತಂದುಕೊಟ್ಟರು ಎಂಬ ನಾಲ್ಕು ಮಾತುಗಳು ಜೊತೆಗಿದ್ದಾಗಲೇ ಆ ಕಲ್ಲಿಗೆ ಬಾಯಿ ಬರುತ್ತದೆ. ಸಂಗ್ರಹಾಲಯವನ್ನು ಕಟ್ಟಿಸಿದ ಅರಸರ, ಅಧಿಕಾರಿಗಳ ಹೆಸರು ಬಾಗಿಲಿನ ಮೇಲೆಯೇ ಕೆತ್ತಿರುತ್ತದೆ. ಅದನ್ನು ದಿನದಿನವೂ ಗುಡಿಸಿ, ಒರಸಿ, ಗೆದ್ದಲಿನಿಂದ ಕಾಪಾಡಿ, ಪಟ್ಟಿ ಬರೆದು, ಬಂದವರಿಗೆ ಬಾಗಿಲು ತೆರೆದವರ ಹೆಸರು ಎಲ್ಲಿಯೂ ಉಳಿಯುವುದಿಲ್ಲ.

ಈ ಹೆಸರಿಲ್ಲದ ಕಸುಬಿನಲ್ಲಿ ತೊಡಗಿ ಅದಕ್ಕೊಂದು ಘನತೆಯನ್ನು ತಂದುಕೊಟ್ಟ ಒಬ್ಬ ಮಹನೀಯರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದ್ದೇನೆ. ಅವರು ಎಡ್ವರ್ಡ್ ಗ್ರೀನ್ ಬಾಲ್ಫರ್. ಭಾರತವನ್ನು ಕುರಿತ ದೊಡ್ಡ ವಿಶ್ವಕೋಶವೊಂದನ್ನು ರಚಿಸಿದವರೆಂದು ವಿದ್ವಾಂಸರು ಅವರನ್ನು ಬಲ್ಲರು. ಕಾಡುಗಳ ರಕ್ಷಣೆಗಾಗಿ ಮೊದಲು ದನಿಯೆತ್ತಿದವರಲ್ಲಿ ಒಬ್ಬರೆಂದು ಅರಣ್ಯಶಾಸ್ತ್ರಜ್ಞರು ಬಲ್ಲರು. ಮದ್ರಾಸಿನ ಸಂಗ್ರಹಾಲಯವೂ ಬೆಂಗಳೂರಿನ ಸಂಗ್ರಹಾಲಯವೂ ಅವರ ಕೈಯಲ್ಲಿಯೇ ಕಣ್ಣು ತೆರೆದುವು. ಮಂಗಳೂರು, ಬಳ್ಳಾರಿಗಳಂಥ ಊರುಗಳಿಗೂ ತಮ್ಮದೇ ಆದ ಸಂಗ್ರಹಾಲಯವಿರಬೇಕೆಂದು ಕನಸು ಕಂಡವರು ಅವರೇ. ಆ ಕನಸು ಹೇಗೆ ಹುಟ್ಟಿತು, ಹೇಗೆ ಬಾಡಿತು ಎಂಬುದನ್ನು ತಿಳಿಯುವುದರಿಂದ ನಮಗೆ ಈಗಲೂ ಪ್ರಯೋಜನವುಂಟು.

ಬಾಲ್ಫರರು ಹುಟ್ಟಿದ್ದು ಸ್ಕಾಟ್ಲೆಂಡಿನ ಮಾಂಟ್ರೋಸ್ ಎಂಬ ಕಡಲತೀರದ ಪಟ್ಟಣದಲ್ಲಿ, ೧೮೧೩ರ ಸೆಪ್ಟೆಂಬರ್ ೬ರಂದು. ತಂದೆ ಕ್ಯಾಪ್ಟನ್ ಜಾರ್ಜ್ ಬಾಲ್ಫರ್ ಈಸ್ಟ್ ಇಂಡಿಯಾ ಕಂಪನಿಯ ನೌಕಾಸೇವೆಯಲ್ಲಿದ್ದವರು. ತಾಯಿ, ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಸುಧಾರಣೆಯ ಪಕ್ಷವನ್ನು ಹಿಡಿದು ಹೋರಾಡಿದ ಜೋಸೆಫ್ ಹ್ಯೂಮ್ ಅವರ ಸೋದರಿ. ಸೋದರಮಾವನ ಖ್ಯಾತಿ ಆ ಕಾಲದಲ್ಲಿ ದೊಡ್ಡದಾಗಿದ್ದಿತು. ಸಾರ್ವಜನಿಕ ಹಣ ಸಾರ್ವಜನಿಕರಿಗೇ ಸಲ್ಲಬೇಕೆಂಬ ಹಟ ಆ ಮನೆತನದ ಗಾಳಿಯಲ್ಲಿಯೇ ಇದ್ದಿತೆನ್ನಬೇಕು. ಎಡ್ವರ್ಡ್ ಎಡಿನ್‌ಬರೋದಲ್ಲಿ ಶಸ್ತ್ರವೈದ್ಯವನ್ನು ಕಲಿತು ೧೮೩೪ರಲ್ಲಿ ಭಾರತಕ್ಕೆ ಹೊರಟರು. ದಾರಿಯಲ್ಲಿ ಮಾರಿಷಸ್ ದ್ವೀಪವನ್ನು ಕಂಡರು. ಕಬ್ಬಿನ ತೋಟಗಳಿಗಾಗಿ ಕಾಡನ್ನು ಕಡಿದ ಮೇಲೆ ನೆಲಕ್ಕೆ ಏನಾಗುತ್ತದೆಂಬುದನ್ನು ಕಣ್ಣಾರೆ ನೋಡಬಹುದಾಗಿದ್ದ ನಾಡು ಅದು. ಇಪ್ಪತ್ತೊಂದರ ತರುಣನ ಮನಸ್ಸಿನಲ್ಲಿ ಆ ನೋಟ ನೆಲೆಯೂರಿ ಉಳಿಯಿತು.

೧೮೩೬ರಲ್ಲಿ ಮದ್ರಾಸು ಸೈನ್ಯದಲ್ಲಿ ಸಹಾಯಕ ವೈದ್ಯರಾಗಿ ನೇಮಕಗೊಂಡ ಬಾಲ್ಫರರು ದಂಡಿನ ಜೊತೆಯಲ್ಲಿ ಊರೂರು ಅಲೆದರು. ದಂಡಿನ ವೈದ್ಯನ ಬಾಳು ಬೇಸರದ್ದು. ಕಾಯಿಲೆಯವರನ್ನು ನೋಡುವುದು, ಸತ್ತವರ ಲೆಕ್ಕವನ್ನು ಬರೆಯುವುದು, ಮತ್ತೆ ಡೇರೆ ಕಿತ್ತು ಮುಂದೆ ನಡೆಯುವುದು. ಆದರೆ ಕುತೂಹಲವುಳ್ಳವನಿಗೆ ಇಂತಹ ಅಲೆದಾಟವೇ ಪಾಠಶಾಲೆ. ಅವರು ಹಿಂದುಸ್ತಾನಿಯನ್ನೂ ಪಾರಸಿಯನ್ನೂ ಚೆನ್ನಾಗಿ ಕಲಿತರು. ಊರಿಂದೂರಿಗೆ ತಿರುಗುವ ಅಲೆಮಾರಿ ಜನಗಳ ನಡೆನುಡಿಗಳನ್ನು ಕುರಿತು ೧೮೪೪ರಲ್ಲಿ ಲೇಖನವನ್ನು ಪ್ರಕಟಿಸಿದರು. ದಂಡು ಬೀಡುಬಿಟ್ಟ ಯಾವ ನೆಲದಲ್ಲಿ ಕಾಯಿಲೆ ಹೆಚ್ಚು, ಯಾವುದರಲ್ಲಿ ಕಡಿಮೆ ಎಂಬುದನ್ನು ಲೆಕ್ಕ ಹಾಕಿ, ಸಿಪಾಯಿಗಳ ಆರೋಗ್ಯಕ್ಕೆ ಸ್ಥಳದ ಆಯ್ಕೆಯೇ ಮುಖ್ಯವೆಂದು ೧೮೪೫ರಲ್ಲಿ ತೋರಿಸಿದರು. ೧೮೪೯ರಲ್ಲಿ ಮದ್ರಾಸಿನ ಸಾಹಿತ್ಯ ವಿಜ್ಞಾನ ಪತ್ರಿಕೆಯಲ್ಲಿ ಅವರ ಮತ್ತೊಂದು ಲೇಖನ ಬಂದಿತು. ಮರಗಳು ಮಳೆಯನ್ನು ತರುವುದರಲ್ಲಿಯೂ ನೆಲದ ತೇವವನ್ನು ಕಾಪಾಡುವುದರಲ್ಲಿಯೂ ಹೇಗೆ ನೆರವಾಗುತ್ತವೆಂಬುದು ಅದರ ವಿಷಯ. ಕಾಡು ಹೋದರೆ ನೀರು ಹೋಗುತ್ತದೆ, ನೀರು ಹೋದರೆ ಕ್ಷಾಮ ಬರುತ್ತದೆ ಎಂಬ ಮಾತನ್ನು ಆಳುವವರ ಕಿವಿಗೆ ಮುಟ್ಟಿಸಿದ ಬರಹಗಳಲ್ಲಿ ಇದೂ ಒಂದು.

ಈ ಎಲ್ಲ ಬರಹಗಳಲ್ಲಿ ಒಂದು ಸಮಾನವಾದ ಗುಣವುಂಟು. ಬಾಲ್ಫರರು ಊಹೆಗಿಂತ ಪಟ್ಟಿಯನ್ನು ನೆಚ್ಚಿದವರು. ಕಂಡದ್ದನ್ನು ಬರೆದಿಡುವುದು, ಬರೆದುದನ್ನು ವಿಂಗಡಿಸುವುದು, ವಿಂಗಡಿಸಿದುದನ್ನು ಇತರರಿಗೆ ಒದಗಿಸುವುದು ಅವರ ಸ್ವಭಾವವೇ ಆಗಿದ್ದಿತು. ಸ್ವಾರಸ್ಯದ ಸಂಗತಿಯೆಂದರೆ, ಈ ಪಟ್ಟಿಗಾರರಿಗೆ ಕವಿತೆಯ ರುಚಿಯೂ ಇದ್ದಿತು. ಪಾರಸಿ ಪದ್ಯಗಳನ್ನು ಆರಿಸಿ ಗುಲ್‌ದಸ್ತಾ, ಎಂದರೆ ಗುಲಾಬಿಗಳ ಗೊಂಚಲು, ಎಂಬ ಹೆಸರಿನಲ್ಲಿ ೧೮೫೦ರಲ್ಲಿ ಅಚ್ಚು ಹಾಕಿಸಿದರು. ಅದೇ ವರ್ಷ ಮದ್ರಾಸಿನಲ್ಲಿ ಮುಸಲ್ಮಾನರ ಉಪಯೋಗಕ್ಕಾಗಿ ಸಾರ್ವಜನಿಕ ಪುಸ್ತಕಾಲಯವೊಂದು ಸ್ಥಾಪನೆಯಾಗುವಂತೆ ಮಾಡಿದರು. ಸಂಗ್ರಹಿಸಿದುದನ್ನು ತನ್ನ ಕೋಣೆಯಲ್ಲಿ ಬೀಗ ಹಾಕಿ ಇಟ್ಟುಕೊಳ್ಳುವವರು ಬಹಳ ಮಂದಿ; ಹತ್ತು ಜನರ ಮುಂದೆ ತೆರೆದಿಡಲು ಬಯಸುವವರು ವಿರಳ. ಬಾಲ್ಫರರು ಎರಡನೆಯ ವರ್ಗಕ್ಕೆ ಸೇರಿದವರು.

ಆ ಹೊತ್ತಿಗೆ ಮದ್ರಾಸಿನ ವಿದ್ವತ್‌ಸಭೆಯವರು ತಮ್ಮಲ್ಲಿ ಸೇರಿದ್ದ ಸುಮಾರು ೧೧೦೦ ಬಗೆಯ ಕಲ್ಲು ಖನಿಜಗಳನ್ನು ಸರಕಾರಕ್ಕೆ ಒಪ್ಪಿಸಲು ಮುಂದೆ ಬಂದಿದ್ದರು. ಸಂಗ್ರಹಾಲಯವೊಂದು ಬೇಕೆಂಬ ಮಾತು ಕೆಲವು ವರ್ಷಗಳಿಂದ ನಡೆದಿದ್ದಿತು. ಗವರ್ನರಾಗಿದ್ದ ಸರ್ ಹೆನ್ರಿ ಪಾಟಿಂಜರ್ ಅವರು ಲಂಡನ್ನಿನ ನಿರ್ದೇಶಕ ಮಂಡಲಿಯ ಒಪ್ಪಿಗೆಯನ್ನು ತರಿಸಿದರು. ೧೮೫೧ರಲ್ಲಿ ನುಂಗಂಬಾಕ್ಕಂನಲ್ಲಿದ್ದ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನ ಕಟ್ಟಡದಲ್ಲಿ ಸರಕಾರದ ಕೇಂದ್ರ ಸಂಗ್ರಹಾಲಯ ಪ್ರಾರಂಭವಾಯಿತು. ಅದರ ಮೊದಲನೆಯ ಅಧಿಕಾರಿಯಾಗಿ ನೇಮಕಗೊಂಡವರು ಬಾಲ್ಫರರು. ವೈದ್ಯವೃತ್ತಿಯನ್ನು ಅವರೇನೂ ಬಿಡಲಿಲ್ಲ. ಆ ಹೊಣೆಯ ಜೊತೆಗೆ ಈ ಹೊಣೆಯನ್ನೂ ಹೊತ್ತುಕೊಂಡರು.

ಸಂಗ್ರಹಾಲಯದ ಕೆಲಸವೆಂದರೆ ಏನೆಂಬುದನ್ನು ಹೊರಗಿನವರು ಊಹಿಸುವುದು ಕಷ್ಟ. ಕಡಲತೀರದ ಮದ್ರಾಸಿನಲ್ಲಿ ಗಾಳಿಯೇ ಉಪ್ಪು. ಕಬ್ಬಿಣಕ್ಕೆ ತುಕ್ಕು, ಕಾಗದಕ್ಕೆ ಹುಳು, ಮರಕ್ಕೆ ಗೆದ್ದಲು, ಹಕ್ಕಿಯ ಚರ್ಮಕ್ಕೆ ಬೂಷ್ಟು. ಒಂದು ವಸ್ತು ಬಂದೊಡನೆ ಅದನ್ನು ಶುಚಿ ಮಾಡಬೇಕು, ಯಾವುದೆಂದು ಗುರುತಿಸಬೇಕು, ಸಂಖ್ಯೆ ಕೊಟ್ಟು ಪುಸ್ತಕದಲ್ಲಿ ಬರೆಯಬೇಕು, ಚೀಟಿ ಹಚ್ಚಬೇಕು, ಕಳುಹಿಸಿದವರಿಗೆ ಉಪಕಾರಸ್ಮರಣೆಯ ಕಾಗದ ಬರೆಯಬೇಕು. ಸತ್ತ ಪ್ರಾಣಿಯ ಚರ್ಮವನ್ನು ಸುಲಿದು, ಹದಮಾಡಿ, ಒಳಗೆ ತುಂಬಿ, ಬದುಕಿರುವಂತೆ ನಿಲ್ಲಿಸುವವನು ಬೇಕು. ಕೈಚಾಚುವ ಮಕ್ಕಳನ್ನು ಗದರದೆ ತಡೆಯುವ ಕಾವಲುಗಾರ ಬೇಕು. ಇಂಥವರಲ್ಲಿ ಒಬ್ಬನು ಅಲಕ್ಷ್ಯ ಮಾಡಿದರೂ ನೂರು ವರ್ಷಗಳ ಸಂಪತ್ತು ಒಂದೇ ಮಳೆಗಾಲದಲ್ಲಿ ಮಣ್ಣಾಗುತ್ತದೆ. ಬಾಲ್ಫರರು ಪ್ರಾಂತದ ಉದ್ದಗಲಕ್ಕೂ ಕಾಗದಗಳನ್ನು ಬರೆದರು. ನಿಮ್ಮ ಸೀಮೆಯ ಕಲ್ಲು, ಅದಿರು, ಮರ, ಬೀಜ, ನಾರು, ನಾಣ್ಯ, ಹಕ್ಕಿ, ಮೀನು ಏನಿದ್ದರೂ ಕಳುಹಿಸಿರಿ, ಎಲ್ಲಿ ಸಿಕ್ಕಿತೆಂಬುದನ್ನೂ ತಿಳಿಸಿರಿ ಎಂಬುದೇ ಆ ಕಾಗದಗಳ ಸಾರ. ವಸ್ತುಗಳು ಪ್ರವಾಹದಂತೆ ಬಂದುವು. ಹಳೆಯ ಕಟ್ಟಡ ಸಾಲದಾಯಿತು. ೧೮೫೪ರಲ್ಲಿ ಸಂಗ್ರಹಾಲಯ ಎಗ್ಮೋರಿನ ಪ್ಯಾಂಥಿಯನ್ ಎಂಬ ಕಟ್ಟಡಕ್ಕೆ ಸ್ಥಳಾಂತರಗೊಂಡಿತು.

ಅಲ್ಲಿ ನಡೆದ ಒಂದು ಸಣ್ಣ ಸಂಗತಿ ಬಾಲ್ಫರರ ಕಣ್ಣು ತೆರೆಯಿಸಿತು. ಜೀವಂತ ಹುಲಿಮರಿಯೊಂದೂ ಚಿರತೆಯೊಂದೂ ಸಂಗ್ರಹಾಲಯದ ಆವರಣಕ್ಕೆ ಬಂದುವು. ಅವುಗಳನ್ನು ನೋಡಲು ಜನ ಕಿಕ್ಕಿರಿದರು. ಕಲ್ಲುಗಳ ಪೆಟ್ಟಿಗೆಯತ್ತ ಎಂದೂ ತಲೆಹಾಕದವರು, ಅಕ್ಷರದ ಮುಖವನ್ನೇ ಕಾಣದವರು, ಮಕ್ಕಳನ್ನು ಎತ್ತಿಕೊಂಡ ಹೆಂಗಸರು, ಎಲ್ಲರೂ ಬಂದರು. ಇನ್ನೊಬ್ಬ ಅಧಿಕಾರಿಯಾಗಿದ್ದರೆ ಇದು ವಿದ್ಯೆಯ ಮಂದಿರ, ಜಾತ್ರೆಯಲ್ಲ ಎಂದು ಬಾಗಿಲನ್ನು ಕಿರಿದು ಮಾಡುತ್ತಿದ್ದರೋ ಏನೋ. ಬಾಲ್ಫರರು ಬಾಗಿಲನ್ನು ಹಿರಿದು ಮಾಡಿದರು. ಆರ್ಕಾಟಿನ ನವಾಬರನ್ನು ಕೇಳಿ ಅವರ ಮೃಗಸಂಗ್ರಹವನ್ನು ಪಡೆದು ೧೮೫೫ರಲ್ಲಿ ಸಂಗ್ರಹಾಲಯದ ಆವರಣದಲ್ಲಿಯೇ ಮೃಗಾಲಯವನ್ನು ಸ್ಥಾಪಿಸಿದರು. ಒಂದು ವರ್ಷದೊಳಗಾಗಿ ಅಲ್ಲಿ ಮುನ್ನೂರಕ್ಕೂ ಮಿಕ್ಕ ಪ್ರಾಣಿಪಕ್ಷಿಗಳು ಸೇರಿದುವು. ೧೮೬೩ರಲ್ಲಿ ಅದು ಊರಿನ ಪೀಪಲ್ಸ್ ಪಾರ್ಕಿಗೆ ಹೋಯಿತು. ೧೯೮೫ರಲ್ಲಿ ವಂಡಲೂರಿನಲ್ಲಿ ತೆರೆದ ದೊಡ್ಡ ಮೃಗೋದ್ಯಾನಕ್ಕೆ ಮೂಲ ಅದೇ.

ಹುಲಿಯನ್ನು ನೋಡಲು ಬಂದವನು ಹುಲಿಯನ್ನು ಮಾತ್ರ ನೋಡಿಕೊಂಡು ಹೋಗುವುದಿಲ್ಲ. ದಾರಿಯಲ್ಲಿ ಅವನ ಕಣ್ಣಿಗೆ ಶಿಲ್ಪ ಬೀಳುತ್ತದೆ, ತನ್ನ ಹೊಲದಲ್ಲಿ ಬೆಳೆಯುವ ಗಿಡದ ಬೀಜವೇ ಗಾಜಿನ ಬುಡ್ಡಿಯಲ್ಲಿ ಕುಳಿತಿರುವುದು ಕಾಣುತ್ತದೆ. ತನ್ನದು ಎಂದು ತಿಳಿದಿದ್ದುದು ಲೋಕಕ್ಕೂ ಬೆಲೆಯುಳ್ಳದ್ದು ಎಂಬ ಅರಿವು ಹುಟ್ಟುವುದು ಅಲ್ಲಿಯೇ. ಮದ್ರಾಸಿನ ಸಾಮಾನ್ಯ ಜನ ಈ ಎರಡು ಸಂಸ್ಥೆಗಳಿಗೆ ತಾವೇ ಹೆಸರಿಟ್ಟರು. ಮೊದಲು ಕಾಲೇಜಿನ ಕಟ್ಟಡದಲ್ಲಿದ್ದುದರಿಂದ ಸಂಗ್ರಹಾಲಯ ಅವರ ಬಾಯಲ್ಲಿ ಸತ್ತ ಕಾಲೇಜಾಯಿತು. ಮೃಗಾಲಯ ಜೀವದ ಕಾಲೇಜಾಯಿತು. ಜನರು ಯಾವುದಕ್ಕೆ ಅಡ್ಡಹೆಸರಿಡುತ್ತಾರೆಯೋ ಅದನ್ನು ತಮ್ಮದೆಂದು ಒಪ್ಪಿಕೊಂಡಿದ್ದಾರೆಂದೇ ಅರ್ಥ. ಬಾಲ್ಫರರು ತಮ್ಮ ವರದಿಗಳಲ್ಲಿ ಬಂದು ಹೋದವರ ಸಂಖ್ಯೆಯನ್ನು ಶ್ರದ್ಧೆಯಿಂದ ಬರೆಯುತ್ತಿದ್ದರು. ಎಷ್ಟು ವಸ್ತುಗಳಿವೆ ಎಂಬುದರಷ್ಟೇ, ಎಷ್ಟು ಕಣ್ಣುಗಳು ಅವನ್ನು ಕಂಡುವು ಎಂಬುದೂ ಅವರಿಗೆ ಮುಖ್ಯವಾಗಿದ್ದಿತು.

ಅದೇ ಕಾಲದಲ್ಲಿ ಅಮರಾವತಿಯ ಶಿಲೆಗಳ ಪ್ರಶ್ನೆ ಅವರ ಮುಂದೆ ಬಂದಿತು. ಕೃಷ್ಣಾತೀರದ ಆ ಮಹಾಸ್ತೂಪವನ್ನು ವಾಲ್ಟರ್ ಎಲಿಯಟ್ ಅವರು ೧೮೪೫ರಲ್ಲಿ ಅಗೆಯಿಸಿ, ಸಿಕ್ಕ ಶಿಲಾಫಲಕಗಳನ್ನು ಮದ್ರಾಸಿಗೆ ಕಳುಹಿಸಿದ್ದರು. ಬುದ್ಧನ ಬಾಳನ್ನು ಕಡೆದ ಆ ಬಿಳಿಯ ಕಲ್ಲುಗಳು ಹಲವು ವರ್ಷಗಳ ಕಾಲ ಬಿಸಿಲುಮಳೆಗೆ ಮೈಯೊಡ್ಡಿ ಬಿದ್ದಿದ್ದುವು. ಬಾಲ್ಫರರು ಅವುಗಳನ್ನು ಸಂಗ್ರಹಾಲಯದ ಆಶ್ರಯಕ್ಕೆ ತಂದು, ವಿಲಿಯಂ ಟೇಲರ್ ಎಂಬ ಪಾದ್ರಿಯಿಂದ ಅವುಗಳ ವಿವರವನ್ನು ಬರೆಯಿಸಿದರು. ೧೮೫೬ರಲ್ಲಿ ಆ ವರದಿ ಸಿದ್ಧವಾಯಿತು. ೧೮೫೮ರಲ್ಲಿ ಲಿನೀಯಸ್ ಟ್ರೈಪ್ ಅವರು ಅವುಗಳ ಛಾಯಾಚಿತ್ರಗಳನ್ನು ತೆಗೆದರು. ಆದರೆ ೧೮೫೯ರಲ್ಲಿ ಶಿಲೆಗಳನ್ನು ಹಡಗಿಗೆ ಹೇರಿ ಲಂಡನ್ನಿಗೆ ಸಾಗಿಸಲಾಯಿತು. ಕಲ್ಲನ್ನು ಕಾಪಾಡಬಹುದು, ಚೀಟಿ ಬರೆಯಬಹುದು. ಅದು ಎಲ್ಲಿರಬೇಕೆಂಬ ನಿರ್ಣಯ ಮಾತ್ರ ಕಾಪಾಡಿದವನ ಕೈಯಲ್ಲಿರುವುದಿಲ್ಲ. ಸಂಗ್ರಹಾಲಯದ ಸೇವಕನ ಬಾಳಿನ ದುಃಖ ಇದು.

ಈಗ ನಮ್ಮ ನಾಡಿಗೆ ಸಂಬಂಧಪಟ್ಟ ಪ್ರಸಂಗಕ್ಕೆ ಬರೋಣ. ರಾಜಧಾನಿಯಲ್ಲಿ ಒಂದೇ ಒಂದು ದೊಡ್ಡ ಸಂಗ್ರಹಾಲಯವಿದ್ದರೆ ಸಾಲದೆಂದು ಬಾಲ್ಫರರಿಗೆ ಬೇಗನೆ ತೋರಿತು. ಬಳ್ಳಾರಿಯ ರೈತನು ತನ್ನ ಸೀಮೆಯ ಕಲ್ಲನ್ನು ನೋಡಲು ಮದ್ರಾಸಿಗೆ ಹೋಗುವುದುಂಟೆ? ಆಯಾ ಸೀಮೆಯ ವಸ್ತುಗಳು ಆಯಾ ಸೀಮೆಯಲ್ಲಿಯೇ, ಅಲ್ಲಿಯ ಜನರ ಕಣ್ಣೆದುರಿಗೇ ಇರಬೇಕು. ಅವರ ಈ ಸೂಚನೆಯ ಫಲವಾಗಿ ೧೮೫೫-೫೬ರ ಸುಮಾರಿನಲ್ಲಿ ಆರು ಊರುಗಳಲ್ಲಿ ಸ್ಥಳೀಯ ಸಂಗ್ರಹಾಲಯಗಳು ತಲೆಯೆತ್ತಿದುವು. ಅವು ರಾಜಮಹೇಂದ್ರಿ, ಕಡಲೂರು, ಕೊಯಮತ್ತೂರು, ಉದಕಮಂಡಲ, ಬಳ್ಳಾರಿ, ಮಂಗಳೂರು. ಕೊನೆಯ ಎರಡೂ ಆಗ ಮದ್ರಾಸು ಪ್ರಾಂತಕ್ಕೆ ಸೇರಿದ್ದ ಕನ್ನಡನಾಡಿನ ಪಟ್ಟಣಗಳು. ಕನ್ನಡಿಗರು ತಮ್ಮ ಊರಿನ ಸಂಗ್ರಹಾಲಯವೆಂದು ಕರೆಯಬಹುದಾಗಿದ್ದ ಸಂಸ್ಥೆಗಳಲ್ಲಿ ಮೊದಲಿನವು ಇವೇ ಆಗಿರಬೇಕು.

ಆದರೆ ಅವುಗಳ ಆಯುಸ್ಸು ಅಲ್ಪವಾಯಿತು. ೧೮೬೧ರ ಹೊತ್ತಿಗೆ ಅವುಗಳಲ್ಲಿ ಹೆಚ್ಚಿನವು ಮುಚ್ಚಿಹೋದುವು. ನಡುವೆ ೧೮೫೭ರ ಬಿರುಗಾಳಿ ಬೀಸಿ ಕಂಪನಿಯ ಆಳಿಕೆಯೇ ಮುಗಿದಿದ್ದಿತು. ಬಾಲ್ಫರರೂ ೧೮೫೯ರಲ್ಲಿ ಮದ್ರಾಸು ಸಂಗ್ರಹಾಲಯದ ಹೊಣೆಯನ್ನು ಬಿಟ್ಟಿದ್ದರು. ಇವೆಲ್ಲಕ್ಕಿಂತ ಆಳವಾದ ಕಾರಣವೊಂದು ನನಗೆ ತೋರುತ್ತದೆ. ಮದ್ರಾಸಿನಲ್ಲಿ ಬಾಲ್ಫರರಿದ್ದರು, ಈ ಊರುಗಳಿಗೆ ಅಂಥ ಒಬ್ಬರು ದೊರೆಯಲಿಲ್ಲ. ಕೋಣೆಯನ್ನು ಕೊಡುವುದು ಸುಲಭ, ಕಪಾಟನ್ನು ಮಾಡಿಸುವುದು ಸುಲಭ, ಕಲ್ಲುಗಳನ್ನು ತಂದು ತುಂಬುವುದೂ ಸುಲಭ. ನಾಳೆ ಬೆಳಗ್ಗೆ ಬಂದು ಬಾಗಿಲನ್ನು ತೆರೆದು ಧೂಳನ್ನು ಒರೆಸಬೇಕೆಂಬ ಕಾಳಜಿಯುಳ್ಳ ಮನುಷ್ಯನನ್ನು ಸರಕಾರದ ಆಜ್ಞೆಯಿಂದ ತರಿಸಲಾಗುವುದಿಲ್ಲ. ಮಂಗಳೂರಿನಲ್ಲಿ ಮತ್ತೆ ಸರಕಾರಿ ಸಂಗ್ರಹಾಲಯವೊಂದು, ಶ್ರೀಮಂತಿ ಬಾಯಿಯವರ ಹೆಸರಿನಲ್ಲಿ, ಜನರಿಗೆ ತೆರೆದದ್ದು ೧೯೬೦ರಲ್ಲಿ. ನೂರು ವರ್ಷಗಳ ಅಂತರ! ಬಳ್ಳಾರಿಯ ಸಂಗನಕಲ್ಲು ಬೆಟ್ಟದ ಶಿಲಾಯುಗದ ವಸ್ತುಗಳಿಗೆ ಆ ಊರಿನಲ್ಲಿಯೇ ನೆಲೆ ದೊರೆಯಲು ಇಪ್ಪತ್ತೊಂದನೆಯ ಶತಮಾನವೇ ಬರಬೇಕಾಯಿತು. ಈ ಅಂತರದಲ್ಲಿ ಎಷ್ಟು ವೀರಗಲ್ಲುಗಳು ಬಟ್ಟೆ ಒಗೆಯುವ ಕಲ್ಲುಗಳಾದುವೋ, ಎಷ್ಟು ತಾಮ್ರಪಟಗಳು ಕರಗಿ ಪಾತ್ರೆಗಳಾದುವೋ ಲೆಕ್ಕವಿಟ್ಟವರಾರು?

ಬಾಲ್ಫರರ ಮಹಾಗ್ರಂಥವೂ ಈ ಕಾಲದ್ದೇ. ಭಾರತ ಮತ್ತು ಪೂರ್ವ ದಕ್ಷಿಣ ಏಷ್ಯಾಗಳ ವಿಶ್ವಕೋಶ ೧೮೫೭ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ೧೮೭೧ರಿಂದ ೭೩ರವರೆಗೆ ಅದು ಐದು ಸಂಪುಟಗಳಾಗಿ ಬೆಳೆಯಿತು. ೧೮೮೫ರಲ್ಲಿ ಲಂಡನ್ನಿನಿಂದ ಮೂರು ಸಂಪುಟಗಳ ಮೂರನೆಯ ಮುದ್ರಣ ಹೊರಟಿತು. ಅದನ್ನು ತೆರೆದು ನೋಡಿದವರಿಗೆ ಅದು ಸಂಗ್ರಹಾಲಯದ ಚೀಟಿಗಳೇ ಬೆಳೆದು ಪುಸ್ತಕವಾದಂತೆ ಕಾಣುತ್ತದೆ. ಒಂದು ಮರದ ಹೆಸರು ಬಂದರೆ ತಮಿಳಿನಲ್ಲಿ ಏನೆನ್ನುತ್ತಾರೆ, ತೆಲುಗಿನಲ್ಲಿ ಏನೆನ್ನುತ್ತಾರೆ, ಕನ್ನಡದಲ್ಲಿ ಏನೆನ್ನುತ್ತಾರೆ ಎಂಬುದನ್ನು ಸೇರಿಸುತ್ತಾರೆ. ಈ ದೇಶದ ಮರಗಳನ್ನೂ ಮರಮುಟ್ಟುಗಳನ್ನೂ ಕುರಿತ ಅವರ ಇನ್ನೊಂದು ಗ್ರಂಥದಲ್ಲಿಯೂ ಇದೇ ಕ್ರಮವುಂಟು. ಲ್ಯಾಟಿನ್ ಹೆಸರೊಂದಿದ್ದರೆ ಶಾಸ್ತ್ರಕ್ಕೆ ಸಾಕು. ಆದರೆ ಆ ಮರದ ನೆರಳಿನಲ್ಲಿ ಕುಳಿತವನು ಅದನ್ನು ಏನೆಂದು ಕರೆಯುತ್ತಾನೆಂಬುದೂ ತಿಳಿವಳಿಕೆಯೇ ಎಂದು ಬಾಲ್ಫರರು ನಂಬಿದ್ದರು. ಪ್ರಸೂತಿಶಾಸ್ತ್ರವನ್ನು ಕುರಿತು ಡಾಕ್ಟರ್ ಕಾಂಕ್ವೆಸ್ಟ್ ಎಂಬವರು ಬರೆದಿದ್ದ ಕೈಪಿಡಿಯನ್ನು ಅವರು ಹಿಂದುಸ್ತಾನಿಗೆ ತಾವೇ ಅನುವಾದಿಸಿದರು. ಕನ್ನಡ, ತಮಿಳು, ತೆಲುಗುಗಳಿಗೆ ಬೇರೆಯವರಿಂದ ಅನುವಾದ ಮಾಡಿಸಿ ತಮ್ಮ ಕೈಯ ಹಣದಿಂದ ಅಚ್ಚು ಹಾಕಿಸಿದರು. ಇಲ್ಲಿಯ ಸೂಲಗಿತ್ತಿಯರ ಕೈಯಲ್ಲಿ ತಾಯಿಮಕ್ಕಳ ಪ್ರಾಣವಿರುವಾಗ ಪುಸ್ತಕ ಇಂಗ್ಲಿಷಿನಲ್ಲಿದ್ದು ಫಲವೇನು?

ಅವರು ಬಿಟ್ಟುಹೋದ ಮದ್ರಾಸು ಸಂಗ್ರಹಾಲಯ ಕ್ಯಾಪ್ಟನ್ ಜೆಸ್ಸಿ ಮಿಚೆಲ್ ಅವರ ಆಡಳಿತದಲ್ಲಿ ಮುಂದುವರಿಯಿತು. ಬಾಲ್ಫರರು ಸೇನಾವೈದ್ಯದಲ್ಲಿ ಮೇಲಿನ ಹುದ್ದೆಗಳಿಗೇರಿ ಬರ್ಮಾ, ಮಲಯ, ಅಂಡಮಾನ್‌ಗಳವರೆಗೂ ಹೋಗಿಬಂದರು. ಆದರೆ ಹಳೆಯ ಅಭ್ಯಾಸ ಬಿಡಲಿಲ್ಲ. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಅವರು ೧೮೬೫ರಲ್ಲಿ ಬೆಂಗಳೂರಿನಲ್ಲಿ ಸಂಗ್ರಹಾಲಯವನ್ನು ಸ್ಥಾಪಿಸಲು ಮನಸ್ಸು ಮಾಡಿದಾಗ ಅದನ್ನು ಕಟ್ಟಿ ನಿಲ್ಲಿಸುವ ಕೆಲಸ ಬಾಲ್ಫರರದಾಯಿತು. ಹಿಂದೆ ಮದ್ರಾಸಿನಲ್ಲಿ ಮಾಡಿದಂತೆಯೇ ಇಲ್ಲಿಯೂ ಜನರಿಗೆ ಪ್ರಕಟಣೆ ಹೊರಡಿಸಿ ವಸ್ತುಗಳನ್ನು ಬೇಡಿದರು. ೧೮೬೬ರಲ್ಲಿ ದಂಡಿನ ಪ್ರದೇಶದ ಒಂದು ಕಟ್ಟಡದಲ್ಲಿ ಅದು ತೆರೆಯಿತು. ಮ್ಯೂಸಿಯಂ ರಸ್ತೆ ಎಂಬ ಹೆಸರು ಇಂದಿಗೂ ಅದರ ನೆನಪನ್ನು ಹೊತ್ತಿದೆ. ಊರವರು ಅದನ್ನು ತಮಾಷೆ ಬಂಗಲೆಯೆಂದು ಕರೆದರಂತೆ. ಬಾಲ್ಫರರ ಕಿವಿಗೆ ಈ ಹೆಸರು ಬಿದ್ದಿದ್ದರೆ ಅವರು ಸಂತೋಷವನ್ನೇ ಪಟ್ಟಿರಬೇಕು. ಸ್ಯಾಂಕಿ ಕೆರೆಯಿಂದ ನಮಗೆ ಪರಿಚಿತರಾದ ಕರ್ನಲ್ ಸ್ಯಾಂಕಿಯವರ ಕಾಲದಲ್ಲಿ, ೧೮೭೭ರಲ್ಲಿ, ಈಗ ಕಸ್ತೂರಬಾ ರಸ್ತೆಯೆನಿಸಿರುವ ಬೀದಿಯಲ್ಲಿ ಕೆಂಪು ಬಣ್ಣದ ಹೊಸ ಕಟ್ಟಡ ಎದ್ದಿತು.

೧೮೭೧ರಿಂದ ೧೮೭೬ರವರೆಗೆ ಬಾಲ್ಫರರು ಮದ್ರಾಸು ವೈದ್ಯ ಇಲಾಖೆಯ ಮುಖ್ಯಸ್ಥರಾಗಿದ್ದರು. ಆಗ ಅವರು ತೆರೆದ ಇನ್ನೊಂದು ಬಾಗಿಲನ್ನು ಮರೆಯುವಂತಿಲ್ಲ. ಗಂಡಸು ವೈದ್ಯನ ಮುಂದೆ ಬರಲೊಪ್ಪದೆ ಒಳಮನೆಯಲ್ಲಿಯೇ ಪ್ರಾಣಬಿಡುವ ಹೆಂಗಸರ ಸಂಕಟ ಅವರಿಗೆ ತಿಳಿದಿದ್ದಿತು. ಹೆಂಗಸರಿಗೆ ವೈದ್ಯಶಿಕ್ಷಣ ಕೊಡಬೇಕೆಂದು ಅವರು ಸರಕಾರವನ್ನು ಒತ್ತಾಯಿಸಿದರು. ೧೮೭೫ರಲ್ಲಿ ಮದ್ರಾಸು ವೈದ್ಯಕೀಯ ಕಾಲೇಜು ನಾಲ್ವರು ಮಹಿಳೆಯರನ್ನು ಸೇರಿಸಿಕೊಂಡಿತು. ಮುಂದೆ ಪ್ರಸಿದ್ಧ ವೈದ್ಯೆಯಾದ ಮೇರಿ ಶಾರ್ಲೀಬ್ ಅವರಲ್ಲಿ ಒಬ್ಬರು. ಇಂಗ್ಲೆಂಡಿನಲ್ಲಿಯೇ ಈ ವಿಷಯವಾಗಿ ಇನ್ನೂ ಕಲಹ ನಡೆದಿದ್ದ ಕಾಲ ಅದು. ಹುಲಿಯನ್ನು ನೋಡಲು ಬಂದ ಹೆಂಗಸರಿಗೆ ಸಂಗ್ರಹಾಲಯವನ್ನು ತೆರೆದವರೇ ಕಾಲೇಜಿನ ಬಾಗಿಲನ್ನೂ ತೆರೆಯಿಸಿದ್ದು ಆಕಸ್ಮಿಕವಲ್ಲ. ೧೮೭೬ರಲ್ಲಿ ನಿವೃತ್ತರಾಗಿ ಹೊರಟಾಗ ಹಿಂದೂ, ಮುಸಲ್ಮಾನ, ಐರೋಪ್ಯ ಜನರೆಲ್ಲರೂ ಅವರಿಗೆ ಬಿನ್ನವತ್ತಳೆಯನ್ನು ಅರ್ಪಿಸಿದರು. ೧೮೮೯ರ ಡಿಸೆಂಬರ್ ೮ರಂದು ಲಂಡನ್ನಿನಲ್ಲಿ ಅವರು ತೀರಿಕೊಂಡರು. ಅವರ ನೆನಪಿಗಾಗಿ ೧೮೯೧ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದಲ್ಲಿ ಸ್ಥಾಪಿತವಾದ ಚಿನ್ನದ ಪದಕ ವೈದ್ಯವಿದ್ಯೆಯನ್ನು ಕಲಿಯುವ ಮಹಿಳೆಯರ ಉತ್ತೇಜನಕ್ಕೇ ಮೀಸಲಾಯಿತು.

ಬಾಲ್ಫರರನ್ನು ಹೊಗಳುವಾಗ ಅವರ ಮೇರೆಯನ್ನೂ ಅರಿತಿರಬೇಕು. ಅವರು ಕಂಪನಿಯ ಸೇವಕರು. ಈ ನೆಲದ ಅದಿರು, ನಾರು, ಮರಮುಟ್ಟುಗಳು ವ್ಯಾಪಾರಕ್ಕೆ ಎಷ್ಟು ಒದಗಿಯಾವೆಂಬ ಲೆಕ್ಕಾಚಾರವೂ ಆ ಸಂಗ್ರಹಾಲಯಗಳ ಹಿಂದೆ ಇದ್ದ ಉದ್ದೇಶಗಳಲ್ಲಿ ಒಂದು. ನಮ್ಮ ನಾಡಿನ ಸಂಪತ್ತಿನ ಪಟ್ಟಿಯನ್ನು ನಮಗಿಂತ ಮೊದಲು ಪರಕೀಯರು ಬರೆದರು, ತಮ್ಮ ಅನುಕೂಲಕ್ಕಾಗಿ ಬರೆದರು ಎಂಬುದು ನಿಜ. ಅವರ ಕೈಕೆಳಗೆ ದುಡಿದ, ಕಾಡಿನಿಂದ ಹಕ್ಕಿಯನ್ನು ಹಿಡಿದು ತಂದ, ಮರದ ಕನ್ನಡ ಹೆಸರನ್ನು ಹೇಳಿಕೊಟ್ಟ, ಪಂಜರಗಳನ್ನು ತೊಳೆದ ನಮ್ಮವರ ಹೆಸರುಗಳು ಆ ದೊಡ್ಡ ವಿಶ್ವಕೋಶದ ಮುಖಪುಟದಲ್ಲಿ ಕಾಣುವುದಿಲ್ಲ. ಪ್ರತಿಯೊಂದು ವಸ್ತುವಿಗೂ ಚೀಟಿ ಬರೆದ ಬಾಲ್ಫರರು ಇವರಿಗೂ ಒಂದೊಂದು ಚೀಟಿಯನ್ನು ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿದ್ದಿತು! ಆದರೂ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟ ಉಪಕಾರ ಅವರದು. ಬಾಗಿಲು ತೆರೆದಿದ್ದುದರಿಂದಲೇ ಮುಂದೆ ಅದರೊಳಗಿನದು ನಮ್ಮದಾಯಿತು.

ಬೆಂಗಳೂರಿನ ಆ ಸಂಗ್ರಹಾಲಯಕ್ಕೆ ಮುಂದೆ ಬಂದು ಸೇರಿದ ಕಲ್ಲುಗಳಲ್ಲಿ ಮದ್ದೂರು ತಾಲ್ಲೂಕಿನ ಆತಕೂರಿನದೂ ಒಂದು. ಹತ್ತನೆಯ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ತೋರಿಸಿದ ಮಣಲೆರನಿಗೆ ಗಂಗದೊರೆ ಬೂತುಗನು ಮೆಚ್ಚಿ ಬೇಡಿದುದನ್ನು ಕೊಡುವೆನೆಂದನು. ಮಣಲೆರನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ದೊಡ್ಡ ಕಾಡುಹಂದಿಯೊಂದರ ಮೇಲೆ ಬಿದ್ದು ಹೋರಾಡಿ, ಹಂದಿಯೂ ಅದೂ ಜೊತೆಯಾಗಿ ಸತ್ತುವು. ನಾಯಿಯ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಆ ಕಲ್ಲು ಇನ್ನೊಂದು ಮಾತನ್ನೂ ಹೇಳುತ್ತದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಣ್ಣತಕ್ಕದ್ದಲ್ಲ, ಉಂಡರೆ ಪಾಪವುಂಟು.

ಕಲ್ಲನ್ನು ನೆಟ್ಟವರಿಗೆ ಕಲ್ಲಿನ ಗಟ್ಟಿತನದ ಮೇಲೆ ಮಾತ್ರ ನಂಬಿಕೆಯಿರಲಿಲ್ಲ. ಅದನ್ನು ದಿನವೂ ಬಂದು ನೋಡುವ ಒಬ್ಬ ಮನುಷ್ಯನನ್ನು ಅವರು ನೇಮಿಸಿದರು. ಸಾವಿರ ವರ್ಷಗಳ ಹಿಂದಿನ ಆ ಹಳ್ಳಿಗರು ಅರಿತಿದ್ದುದನ್ನೇ ಮಾಂಟ್ರೋಸಿನ ವೈದ್ಯರೂ ಅರಿತಿದ್ದರು. ಮಂಗಳೂರಿನಲ್ಲಿಯೂ ಬಳ್ಳಾರಿಯಲ್ಲಿಯೂ ಅಂದು ಕೊರತೆಯಾದದ್ದು ಅದೇ. ಮುಂದಿನ ಸಲ ನಿಮ್ಮ ಊರಿನ ಸಂಗ್ರಹಾಲಯಕ್ಕೆ ಹೋದಾಗ ವಿಗ್ರಹವನ್ನು ನೋಡಿದ ಮೇಲೆ, ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತವರ ಕಡೆಗೂ ಒಮ್ಮೆ ತಿರುಗಿ ನೋಡಿರಿ. ಈ ಕಾಲದ ಗೊರವರು ಅವರೇ.